ಹೊಳೆಗೆ ತಕ್ಕ ಗಾಳ: ಓದುಗರ ಪ್ರಶ್ನೆ, ನನ್ನ ಉತ್ತರ

ಶ್ರೀರಂಗಪಟ್ಟಣದ ಹೊಳೆದಂಡೆಯಲ್ಲಿ ಗಾಳ ಹಾಕುವುದರ ಬಗ್ಗೆ ಹೋದ ಸಂಚಿಕೆಯಲ್ಲಿ ಬರೆದಿದ್ದೆ. ಹಳೇ ಸಾಮಾನು, ಮನೆಯಲ್ಲೇ ಮಾಡಿಕೊಂಡ ಸಾಮಾನಿನ ಬಗ್ಗೆ ಕೇಳುವುದಿದ್ದರೆ ಕೇಳಿ ಅಂದಿದ್ದೆ. ಪತ್ರ ಜಾಸ್ತಿಯೇ ಬಂದಿವೆ, ಖುಷಿಯಾಯಿತು. ಹೊಸಬರಿಗೆ ಒಂದು ಮಾತು: ನಾನು ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತನಾದವನು. ಅರ, ಇಕ್ಕಳ, ಡ್ರಿಲ್ಲು ಕೈಗೆ ಹತ್ತಿದ್ದು ಅಲ್ಲಿ. ಗಾಳ ಹತ್ತಿದ್ದು ಅದಕ್ಕೂ ಮುಂಚೆ, ಗಂಜಾಂನಲ್ಲಿ, ಸೋದರಮಾವನ ಪಕ್ಕ ಕೂತು.

ಪ್ರಶ್ನೆ: ಸರ್, ಇಷ್ಟು ವರ್ಷದಲ್ಲಿ ಬೇಕಾದಷ್ಟು ಸಾಮಾನು ಕೂಡಿಹಾಕಿರುತ್ತೀರಿ. ಯಾರು ಕೇಳಿದರೂ ಕೊಡಲ್ಲ ಅನ್ನುವಂಥದ್ದು ಯಾವುದು? — ಓದುಗರೊಬ್ಬರು, ಮಳವಳ್ಳಿ

ಉತ್ತರ: ಗೆಜ್ಜೆ.

ಎತ್ತುಗಳನ್ನು ಮಾರಿದ ಮೇಲೆ ಮಾವನ ಮನೆಯ ಗೂಟದಲ್ಲಿ ಕೊರಳ ಗೆಜ್ಜೆಸರ ಉಳಿದಿತ್ತು. ಅದರಿಂದ ಒಂದು ಹಿತ್ತಾಳೆ ಗೆಜ್ಜೆ ಬಿಚ್ಚಿ ಅವರು ಗಾಳದ ಕೋಲಿನ ತುದಿಗೆ ಕಟ್ಟಿದ್ದರು. ಆಮೇಲೆ ಅದು ನನಗೆ ಬಂತು. ಬೇಸಿಗೆಯ ರಾತ್ರಿ ನೀರಿನ ಮೇಲೆ ತೇಲುವ ಬೆಂಡು ಕಾಣುವುದಿಲ್ಲ. ಕೋಲನ್ನು ಕವೆಗೋಲಿನ ಮೇಲಿಟ್ಟು ಸುಮ್ನೆ ಕೂತರೆ ಗೆಜ್ಜೆಯೇ ಎಲ್ಲ ಹೇಳುತ್ತದೆ. ಜಿಲೇಬಿ ಮೀನು ಎರೆಹುಳವನ್ನು ಕಿತ್ತು ಕಿತ್ತು ತಿನ್ನುವಾಗ ಬಿಡದೆ ಸಣ್ಣಗೆ ಗಿಲಿಗುಟ್ಟುತ್ತದೆ. ಗೆಂಡೆ ಮೀನು ಒಂದು ಸಲ ಮುಟ್ಟಿ ನೋಡುತ್ತದೆ. ಒಂದೇ ಒಂದು 'ಗಿಲ್', ಆಮೇಲೆ ಸದ್ದಿಲ್ಲ. ಆಗ ಕೈ ಕೋಲಿನ ಮೇಲೆ ಹೋಗಬೇಕು, ಆದರೆ ಎಳೆಯಬಾರದು. ತುದಿ ಎರಡನೇ ಸಲ ಬಾಗಿ ನಿಂತಾಗ ಎತ್ತಬೇಕು. ಏಡಿ ಹಿಡಿದಿದ್ದರೆ ಸದ್ದು ನಿಧಾನ, ತಡೆದು ತಡೆದು ಬರುತ್ತದೆ. ಈಗ ಬ್ಯಾಟರಿಯ ಅಲಾರಂ ಸಿಗುತ್ತದೆ. ನಾನು ನೋಡಿದ್ದು ಏಡಿಗೂ ಗೆಂಡೆಗೂ ಒಂದೇ ಥರ ಬೀಪ್ ಅಂದಿತು.

ಇದಕ್ಕೆ ನಾನು ಮಾಡಿದ ರಿಪೇರಿ ಒಂದೇ. ಎತ್ತಿನ ಗೆಜ್ಜೆಯೊಳಗಿನ ಕಬ್ಬಿಣದ ಗುಂಡು ದಪ್ಪ, ಬಿದಿರಿನ ಸಣ್ಣ ತುದಿಗೆ ಭಾರ. ಸೀಳಿಗೆ ಮರದ ಬೆಣೆ ಕೊಟ್ಟು ಸ್ವಲ್ಪ ಅಗಲ ಮಾಡಿ, ಹಳೇ ಗುಂಡು ತೆಗೆದು, ಸೈಕಲ್ ಹಬ್ಬಿನ ಸಣ್ಣ ಬಾಲ್ಸ್ ಹಾಕಿ ಮತ್ತೆ ಒತ್ತಿದೆ. ಸದ್ದು ತೆಳ್ಳಗಾಯಿತು, ಸಣ್ಣ ಕಡಿತಕ್ಕೂ ಮಾತಾಡುತ್ತದೆ. ನೀವು ಮಾಡುವುದಾದರೆ ತಗಡಿನ ಗೆಜ್ಜೆಗೆ ಮಾತ್ರ ಮಾಡಿ. ಎರಕದ್ದು ಬಗ್ಗುವುದಿಲ್ಲ, ಬಿರುಕು ಬಿಡುತ್ತದೆ.

ಇನ್ನೊಂದು, ನವಿಲುಗರಿಯ ಬೆಂಡು. ತಾನಾಗಿ ಉದುರಿದ ಗರಿ ತೋಟದಲ್ಲಿ ಸಿಕ್ಕರೆ ಅದರ ಎಳೆಯೆಲ್ಲ ಕಿತ್ತು, ದಂಟಿನಲ್ಲಿ ಒಂದು ಗೇಣು ಕತ್ತರಿಸಿ. ಎರಡೂ ತುದಿಗೆ ಅರಗು ಕಾಯಿಸಿ ಮುಚ್ಚಿ. ಮೇಲಿನ ತುದಿಗೆ ಕೆಂಪು ನೇಲ್ ಪಾಲಿಶ್. ದಾರಕ್ಕೆ ಸೇರಿಸಲು ಸೈಕಲ್‌ನ ವಾಲ್ ಟ್ಯೂಬ್ ಸಣ್ಣ ಸಣ್ಣ ಬಳೆಯಾಗಿ ಕತ್ತರಿಸಿದರೆ ಸಾಕು. ನೀರಿನ ಮೇಲೆ ಒಂದು ಬೆರಳಗಲ ಮಾತ್ರ ಕಾಣುವಷ್ಟು ತೂಕ ಕಟ್ಟಿ, ಕೊನೆಯ ತೂಕ ತಳ ಮುಟ್ಟುವ ಹಾಗೆ ಆಳ ಇಡಿ. ಹೀಗಿಟ್ಟರೆ ಬೆಂಡು ಮುಳುಗುವುದನ್ನೇ ಕಾಯಬೇಕಾಗಿಲ್ಲ. ತಳದಲ್ಲಿ ಮೇಯುವ ಗೆಂಡೆ ಎರೆಯನ್ನು ಬಾಯಿಗಿಟ್ಟು ತಲೆ ಎತ್ತಿತು ಅಂದರೆ ಆ ತೂಕವೂ ಎದ್ದು, ಬೆಂಡು ಮೇಲಕ್ಕೆ ಬರುತ್ತದೆ. ಮುಳುಗುವ ಬೆಂಡಿಗಿಂತ ಏಳುವ ಬೆಂಡು ನೋಡುವುದರಲ್ಲಿ ನನಗೆ ಹೆಚ್ಚು ಸಂತೋಷ. ಜೋಳದ ದಂಟಿನ ಬೆಂಡು ಮಕ್ಕಳಿಗೆ ಚೆನ್ನ. ಆದರೆ ನೀರು ಕುಡಿದು ಬೇಗ ಭಾರವಾಗುತ್ತದೆ. ಚನ್ನಪಟ್ಟಣದಲ್ಲಿ ಗೊಂಬೆ ಮಾಡುವವರ ಹತ್ತಿರ ಹಾಲೆ ಮರದಲ್ಲಿ ಕಡೆಸಿ, ಅರಗಿನ ಬಣ್ಣ ಹಾಕಿಸಿಕೊಂಡ ಬೆಂಡುಗಳೂ ನನ್ನಲ್ಲಿವೆ. ಸೆಳವು ಜೋರಿದ್ದಲ್ಲಿ ಗರಿಯ ಬೆಂಡು ನಿಲ್ಲುವುದಿಲ್ಲ, ಅಲ್ಲಿಗೆ ಅವು ಬೇಕು.

ಪ್ರಶ್ನೆ: ಬಿದಿರಿನ ಕೋಲು ಮಾಡಿಕೊಳ್ಳಬೇಕು ಅಂತ ಆಸೆ. ಒಂದು ಸಲ ಮಾಡಿದ್ದು ಎರಡೇ ತಿಂಗಳಲ್ಲಿ ಹುಳು ಹಿಡಿದು ಪುಡಿಯಾಯಿತು. ಸರಿಯಾದ ಕ್ರಮ ಹೇಳಿಕೊಡಿ ಅಣ್ಣಾ. — ವಿದ್ಯಾರ್ಥಿ, ಪಾಂಡವಪುರ

ಉತ್ತರ: ಕುಟ್ಟೆ ಹುಳು ಹಿಡಿದಿದೆ ಅಂದರೆ ಬಿದಿರನ್ನು ಹೊತ್ತಲ್ಲದ ಹೊತ್ತಿನಲ್ಲಿ ಕಡಿದಿದ್ದಾರೆ, ಇಲ್ಲವೇ ಎಳೆಯದನ್ನು ಕಡಿದಿದ್ದಾರೆ. ಬಿದಿರಿನೊಳಗಿನ ಗಂಜಿಯೇ ಆ ಹುಳುವಿಗೆ ಊಟ. ಮಳೆ ಮುಗಿದು ಚಳಿ ಬಿದ್ದ ಮೇಲೆ ಕಡಿದ, ಮೂರು ವರ್ಷ ದಾಟಿದ ಗಳ ಬೇಕು. ಹೊಸ ಗಳ ಎಳೆ ಹಸಿರಾಗಿ ಮಿರುಗುತ್ತಿರುತ್ತದೆ. ಬಲಿತದ್ದು ಮಂಕಾಗಿ, ಮೈಮೇಲೆ ಬಿಳಿ ಮಚ್ಚೆ ಬಿದ್ದಿರುತ್ತದೆ. ಬೆರಳಲ್ಲಿ ತಟ್ಟಿದರೆ ಗಟ್ಟಿ ಸದ್ದು. ಒಳಗೆ ತೂತು ಚಿಕ್ಕದಿರುವ ಗಟ್ಟಿ ಬಿದಿರೇ ಆಗಬೇಕು. ಏಣಿಗೆ ಬಳಸುವ ದೊಡ್ಡ ಬಿದಿರು ಕೋಲಿಗೆ ಬೇಡ. ಮೈಸೂರಿನ ಬಂಬೂ ಬಜಾರಿನಲ್ಲಿ ನಿಧಾನಕ್ಕೆ ಹುಡುಕಿದರೆ ನೇರವಾದ ಗಳ ಸಿಗುತ್ತದೆ. ಅಲ್ಲಿ ಕೆಲಸ ಮಾಡುವ ಮೇದರನ್ನೇ ಕೇಳಿ. ಗಳ ಕೈಗೆತ್ತಿಕೊಂಡ ತಕ್ಷಣ ಅವರಿಗೆ ಗೊತ್ತಾಗುತ್ತದೆ.

ಹಸಿ ಗಳವನ್ನು ಎರಡು ಮೂರು ವಾರ ನೀರಲ್ಲಿ ಮುಳುಗಿಸಿಡಿ, ಮೇಲೆ ಕಲ್ಲು ಹೇರಿ. ಗಂಜಿ ಕರಗಿ ಹೋಗುತ್ತದೆ. ನೀರು ನಾತ ಬರುತ್ತದೆ, ಅದಕ್ಕೆ ಹೆದರಬೇಡಿ. ಆಮೇಲೆ ನೆರಳಲ್ಲಿ ಒಣಗಿಸಿ. ಗೋಡೆಗೆ ಒರಗಿಸಿ ಬಿಟ್ಟರೆ ಬಾಗುತ್ತದೆ. ಸಣ್ಣ ತುದಿಗೆ ಹಗ್ಗ ಕಟ್ಟಿ ಸೂರಿಗೆ ತೂಗುಹಾಕಿ, ಬುಡಕ್ಕೊಂದು ಕಲ್ಲು ಕಟ್ಟಿ. ತನ್ನ ತೂಕಕ್ಕೇ ನೇರವಾಗಿ ಒಣಗುತ್ತದೆ. ಎರಡು ಮೂರು ತಿಂಗಳು ಬೇಕು, ಅವಸರ ಮಾಡುವ ಹಾಗಿಲ್ಲ.

ಉಳಿದ ಡೊಂಕನ್ನು ಕೆಂಡದ ಮೇಲೆ ತೆಗೆಯಬೇಕು. ಉರಿ ಬೇಡ, ಬರೀ ಕೆಂಡ. ಗೆಣ್ಣಿನ ಹತ್ತಿರ ತಿರುಗಿಸುತ್ತಾ ಕಾಯಿಸಿದರೆ ಸಿಪ್ಪೆಯ ಮೇಲೆ ಎಣ್ಣೆಯಂಥ ಬೆವರು ಕಾಣಿಸುತ್ತದೆ. ಅದೇ ಹೊತ್ತು. ಮಂಡಿಗೆ ಒತ್ತಿ ಬಗ್ಗಿಸಿ, ಸ್ವಲ್ಪ ಆಚೆಗೇ ಬಗ್ಗಿಸಿ, ಒದ್ದೆ ಬಟ್ಟೆ ಸುತ್ತಿ ಆರುವವರೆಗೆ ಹಿಡಿದುಕೊಳ್ಳಿ. ಆ ಬೆವರನ್ನು ಒಣ ಬಟ್ಟೆಯಿಂದ ಕೋಲಿನ ಉದ್ದಕ್ಕೂ ಒರೆಸಿದರೆ ಅದೇ ಮೊದಲ ಪಾಲಿಶ್. ಗೆಣ್ಣನ್ನು ಮಟ್ಟ ಮಾಡುತ್ತೇನೆ ಅಂತ ಅರ ಹಾಕಿ ಉಜ್ಜಬೇಡಿ. ಬಿದಿರಿನ ಶಕ್ತಿಯೆಲ್ಲ ಹೊರಸಿಪ್ಪೆಯಲ್ಲಿದೆ. ಅದನ್ನು ಕೆರೆದ ಜಾಗದಲ್ಲೇ ಕೋಲು ಮುರಿಯುತ್ತದೆ.

ರೀಲು ಹಾಕುವ ಆಸೆ ಇದ್ದರೆ ದಾರ ಹಾಯುವ ಬಳೆಗಳು ಬೇಕು. ನಾನು ಸ್ಟೀಲ್ ತಂತಿಯನ್ನು ಮೊಳೆಯ ಸುತ್ತ ಸುತ್ತಿ ಮಾಡುತ್ತೇನೆ. ಪಾದವನ್ನು ಅರದಿಂದ ತೆಳುವಾಗಿಸಿ ಕೋಲಿಗೆ ಕೂರಿಸಿ, ರೇಷ್ಮೆ ನೂಲು ಸುತ್ತುತ್ತೇನೆ. ನಮ್ಮ ಸೀಮೆಯಲ್ಲಿ ರೇಷ್ಮೆಗೆ ಬರವೇ, ಅಲ್ವಾ? ಹುರಿ ಮಾಡಿದ ನೂಲು ಸ್ವಲ್ಪ ಸಿಕ್ಕರೂ ಒಂದು ಕೋಲಿಗೆ ಧಾರಾಳ. ಸುತ್ತಿನ ಪಕ್ಕ ಸುತ್ತು ಕೂರಬೇಕು, ಉಗುರಿನಿಂದ ಒತ್ತುತ್ತಾ ಹೋಗಿ. ಕೊನೆಯ ಎಂಟು ಹತ್ತು ಸುತ್ತಿನ ಕೆಳಗೆ ಬೇರೆ ದಾರದ ಕುಣಿಕೆ ಇಟ್ಟುಕೊಂಡರೆ ನೂಲಿನ ತುದಿಯನ್ನು ಅದರೊಳಗೆ ತೂರಿಸಿ ಎಳೆದುಬಿಡಬಹುದು, ಗಂಟೇ ಕಾಣುವುದಿಲ್ಲ. ಬಳೆ ಇಲ್ಲದ ಕಡೆಯೂ ಗೆಣ್ಣು ಗೆಣ್ಣಿನ ನಡುವೆ ಒಂದು ಸುತ್ತು ಪಟ್ಟಿ ಹಾಕಿ. ಬಿದಿರು ಉದ್ದಕ್ಕೆ ಸೀಳುವುದನ್ನು ಅದು ತಡೆಯುತ್ತದೆ. ಮೇಲೆ ವಾರ್ನಿಷ್ ತೆಳುವಾಗಿ ಮೂರು ಸಲ. ಹಿಡಿಗೆ ಸೈಕಲ್ ಟ್ಯೂಬ್.

ಹತ್ತರಿಂದ ಹನ್ನೆರಡು ಅಡಿ ಇರಲಿ. ನಮ್ಮ ಕಾವೇರಿಯ ದಡದಲ್ಲಿ ಬಂಡೆಗಳ ಆಚೆಗೆ ದಾರ ಎತ್ತಿ ಹಿಡಿಯಲು ಉದ್ದ ಬೇಕೇ ಬೇಕು.

ಪ್ರಶ್ನೆ: ಅಷ್ಟೆಲ್ಲ ಕಷ್ಟ ಯಾಕೆ ಸರ್? ಅಂಗಡಿಯಲ್ಲಿ ಫೈಬರ್ ರಾಡ್ ಸಿಗುತ್ತಲ್ಲ. — ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಕೊಂಡುಕೊಳ್ಳಿ, ತಪ್ಪಿಲ್ಲ. ಹಗುರ, ಹುಳು ಹಿಡಿಯಲ್ಲ, ದೂರ ಎಸೆಯಬಹುದು. ನನ್ನ ಹತ್ತಿರವೂ ಒಂದಿದೆ. ಆದರೆ ಅದನ್ನು ಮಾಡಿದವರಿಗೆ ಬಲಮುರಿಯ ಬಂಡೆ ಗೊತ್ತಿಲ್ಲ, ಸಂಗಮದ ಸೆಳವು ಗೊತ್ತಿಲ್ಲ. ನಾನೇ ಮಾಡಿದ ಸಾಮಾನಿನಲ್ಲಿ ಎಲ್ಲಿ ಬಲ ಬೇಕು, ಎಲ್ಲಿ ಮುರಿಯಬೇಕು ಅನ್ನುವುದನ್ನು ನಾನೇ ತೀರ್ಮಾನ ಮಾಡಿರುತ್ತೇನೆ. ಮುಂದಿನ ಉತ್ತರ ಓದಿದರೆ ಈ ಮಾತು ಸ್ಪಷ್ಟವಾಗುತ್ತದೆ.

ಪ್ರಶ್ನೆ: ಹೊಳೆಯಲ್ಲಿ ಎಸೆದಾಗೆಲ್ಲ ಸೀಸದ ಗುಂಡು ಕಲ್ಲಿನ ಸಂದಿಗೆ ಸಿಕ್ಕಿಕೊಂಡು, ಗಾಳ, ದಾರ ಎಲ್ಲ ಹೋಗುತ್ತದೆ. ಹಿಂದಿನವರು ಏನು ಮಾಡುತ್ತಿದ್ದರು? — ಓದುಗರು, ಕೆ.ಆರ್. ಪೇಟೆ

ಉತ್ತರ: ಕಲ್ಲನ್ನೇ ಕಟ್ಟುತ್ತಿದ್ದರು. ಇಡೀ ಪತ್ರದ ಗೊಂಚಲಿನಲ್ಲಿ ನನಗೆ ತುಂಬ ಇಷ್ಟವಾದ ಪ್ರಶ್ನೆ ಇದು.

ದಡದಲ್ಲೇ ನಡು ಸಣ್ಣಗಿರುವ, ಇಲ್ಲವೇ ಚಪ್ಪಟೆಯಾದ ಕಲ್ಲು ಹುಡುಕಿ. ಅದಕ್ಕೆ ಹೂವು ಕಟ್ಟುವ ಹತ್ತಿ ದಾರ ಸುತ್ತಿ, ಒಂದು ಗೇಣು ಬಾಲ ಬಿಡಿ. ಆ ಬಾಲವನ್ನು ನಿಮ್ಮ ತಂಗೂಸಿ (ನೈಲಾನ್) ದಾರಕ್ಕೆ, ಗಾಳಕ್ಕಿಂತ ಒಂದೂವರೆ ಅಡಿ ಮೇಲೆ ಗಂಟು ಹಾಕಿ. ಹತ್ತಿ ದಾರ ತಂಗೂಸಿಗಿಂತ ಸೋತದ್ದಾಗಿರಬೇಕು, ಗುಟ್ಟು ಅಷ್ಟೇ. ಕೈಯಲ್ಲಿ ಜಗ್ಗಿ ನೋಡಿ. ಬೆರಳು ಕೊಯ್ಯುವ ಮುಂಚೆ ಹರಿದರೆ ಸರಿ, ಇಲ್ಲದಿದ್ದರೆ ಎಳೆ ಬಿಚ್ಚಿ ತೆಳ್ಳಗೆ ಮಾಡಿ. ಕಲ್ಲು ಸಂದಿಗೆ ಸಿಕ್ಕಿಕೊಂಡಿತು ಅನ್ನಿ, ಎಳೆದರೆ ಹತ್ತಿ ದಾರ ಪಟ್ ಅನ್ನುತ್ತದೆ. ಕಲ್ಲು ಹೊಳೆಯಲ್ಲೇ ಉಳಿಯುತ್ತದೆ, ಅದರ ಮನೆಯೇ ಅದು. ಗಾಳ, ದಾರ, ಮೀನು ಇದ್ದರೆ ಮೀನು, ಮೂರೂ ನಿಮ್ಮ ಕೈಗೆ ಬರುತ್ತವೆ. ಎಸೆಯುವಾಗ ಮಾತ್ರ ಚಾವಟಿ ಬೀಸಿದ ಹಾಗೆ ಬೀಸಬೇಡಿ, ಗಾಳಿಯಲ್ಲೇ ಹರಿಯುತ್ತದೆ. ಮೆಲ್ಲಗೆ, ಕೆಳಗಿನಿಂದ ತೂಗಿ ಬಿಡಿ. ಹಳೇ ಸ್ಪಾರ್ಕ್ ಪ್ಲಗ್ ಕಟ್ಟುವವರೂ ಇದ್ದಾರೆ. ಎಸೆಯಲು ಚೆನ್ನಾಗಿರುತ್ತದೆ. ಕಲ್ಲು ಬಿದ್ದಿರುವ ಹೊಳೆಗೆ ಕಬ್ಬಿಣ ಯಾಕೆ ಹಾಕಬೇಕು ಅನ್ನುವುದು ನನ್ನ ವಾದ.

ಸೀಸ ಬಿಟ್ಟುಬಿಡಿ. ನಾನೂ ವಯಸ್ಸಿನಲ್ಲಿ ಸೀಸ ಕರಗಿಸಿ ಗುಂಡು ಎರಕ ಹೊಯ್ದವನೇ, ಆಗ ಎಲ್ಲರೂ ಮಾಡುತ್ತಿದ್ದ ಕೆಲಸ ಅದು. ಆದರೆ ಸೀಸದ ಹೊಗೆ ಮೈಗೆ ವಿಷ, ಮನೆಯಲ್ಲಿ ಮಕ್ಕಳಿದ್ದರಂತೂ ಆ ಕೆಲಸ ಆಗಲೇಬಾರದು. ನೀರಿನ ಹಕ್ಕಿಗಳು ಆಹಾರ ಅರೆಯಲು ಹರಳು ನುಂಗುತ್ತವೆ. ಜೊತೆಗೆ ಸಣ್ಣ ಸೀಸವೂ ಹೋಗುತ್ತದೆ. ಬ್ರಿಟನ್‌ನಲ್ಲಿ ಹೀಗೆ ಹಂಸಗಳು ಸತ್ತು, 1987ರಲ್ಲಿ ಸಣ್ಣ ಸೀಸದ ಗುಂಡುಗಳನ್ನು ಗಾಳಕ್ಕೆ ನಿಷೇಧ ಮಾಡಿದರು. ರಂಗನತಿಟ್ಟಿನ ಪಕ್ಕದಲ್ಲೇ ಬದುಕುವ ನಾವು ಇದನ್ನು ಯಾರೂ ಹೇಳದೆಯೇ ಪಾಲಿಸಬೇಕು.

ಇನ್ನೊಂದು. ಗಾಳ ಬಿಡಿಸಲು ನೀರಿಗೆ ಇಳಿಯಬೇಡಿ. ಕೆಆರ್‌ಎಸ್‌ನಿಂದ ನೀರು ಬಿಟ್ಟಾಗ ಮಟ್ಟ ಏರುವುದು ಬಂಡೆ ಮೇಲೆ ನಿಂತವನಿಗೆ ತಡವಾಗಿ ಗೊತ್ತಾಗುತ್ತದೆ. ಒಂದು ಗಾಳದ ಬೆಲೆ ಎಷ್ಟು, ಯೋಚನೆ ಮಾಡಿ.

ಪ್ರಶ್ನೆ: ನಮ್ಮ ತಾತನವರ ಮೂರು ತುಂಡಿನ ಹಳೇ ಕೋಲು ಅಟ್ಟದಲ್ಲಿ ಸಿಕ್ಕಿದೆ. ಹಿತ್ತಾಳೆಯ ಕೀಲುಗಳಿವೆ, ಕೋಲು ದುಂಡಗಿಲ್ಲ, ಆರು ಮೂಲೆ ಇದೆ. ಬಳಸಬಹುದಾ? — ಗೃಹಿಣಿ, ಲಕ್ಷ್ಮೀಪುರಂ, ಮೈಸೂರು

ಉತ್ತರ: ತಾಯಿ, ನಿಮಗೆ ಸಿಕ್ಕಿರುವುದು ಬಹಳ ಒಳ್ಳೆಯ ವಸ್ತು. ಬಿದಿರನ್ನು ತ್ರಿಕೋನದ ಆರು ಸೀಳಾಗಿ ಕೊಯ್ದು, ಸಿಪ್ಪೆ ಹೊರಗೆ ಬರುವಂತೆ ಅಂಟಿಸಿ ಮಾಡಿದ ಕೋಲು ಅದು. ಮೊದಲು ಸೀಳುಗಳ ನಡುವೆ ಉಗುರು ಓಡಿಸಿ ನೋಡಿ. ಉಗುರು ಸಿಕ್ಕಿಕೊಳ್ಳುವ ಬಿರುಕಿದ್ದರೆ ಅಂಟು ಬಿಟ್ಟಿದೆ ಅಂತ ಅರ್ಥ. ಬಾಗಿಸಬೇಡಿ. ಹಳೇ ಕೋಲುಗಳಲ್ಲಿ ಪ್ರಾಣಿಜನ್ಯ ಅಂಟು ಇರುತ್ತಿತ್ತು, ಅದು ನೀರಿಗೂ ಬಿಸಿಗೂ ಕರಗುತ್ತದೆ. ಹಾಗಾಗಿ ತೊಳೆಯಬೇಡಿ, ಬಿಸಿಲಿಗಿಡಬೇಡಿ. ಹಿಂಡಿದ ಬಟ್ಟೆಯಲ್ಲಿ ಒರೆಸಿ, ಆಮೇಲೆ ಒಣ ಬಟ್ಟೆ.

ಹಿತ್ತಾಳೆ ಕಪ್ಪಾಗಿದೆ ಅಂತ ಹುಣಿಸೆಹಣ್ಣು, ಮರಳುಕಾಗದ ಯಾವುದೂ ಬೇಡ. ಕೀಲಿನ ಗಂಡು ತುಂಡು ಹೆಣ್ಣು ತುಂಡಿನೊಳಗೆ ಕೂದಲೆಳೆ ಲೆಕ್ಕದಲ್ಲಿ ಕೂರುವ ಹಾಗೆ ಮಾಡಿರುತ್ತಾರೆ. ಫಿಟ್ಟರ್ ಆಗಿ ಹೇಳುತ್ತೇನೆ, ಉಜ್ಜಿದ್ದು ಮತ್ತೆ ಬರುವುದಿಲ್ಲ. ಒಮ್ಮೆ ಸಡಿಲವಾದರೆ ಎಸೆದಾಗ ತುಂಡೇ ಹಾರಿಹೋಗುತ್ತದೆ. ಬಿಚ್ಚುವಾಗ ತಿರುಚಬೇಡಿ, ಇಬ್ಬರು ಎದುರು ಬದುರು ಹಿಡಿದು ನೇರವಾಗಿ ಎಳೆಯಿರಿ. ಬಟ್ಟೆ ಚೀಲದಲ್ಲಿ ಹಾಕಿ ತೂಗುಹಾಕಿ. ಎಲ್ಲ ಗಟ್ಟಿಯಾಗಿದ್ದರೆ ಬೆಂಡು ಹಾಕಿ ಸಣ್ಣ ಮೀನಿಗೆ ಬಳಸಬಹುದು. ತಾತನವರ ರೇಷ್ಮೆ ದಾರ ಅದರ ಜೊತೆ ಇದ್ದರೆ ಅದನ್ನು ಮಾತ್ರ ನಂಬಬೇಡಿ. ರೇಷ್ಮೆ ದಾರವನ್ನು ಪ್ರತಿ ಸಲ ಬಿಚ್ಚಿ ಒಣಗಿಸಬೇಕಿತ್ತು. ಸುತ್ತಿಟ್ಟೇ ಉಳಿದದ್ದು ಒಳಗೊಳಗೇ ಕೊಳೆತಿರುತ್ತದೆ.

ಪ್ರಶ್ನೆ: ತಾತ, ಸೂಜಿಯಲ್ಲಿ ಗಾಳ ಮಾಡ್ತಾರಂತೆ. ನಾನು ಬಗ್ಗಿಸಿದರೆ ಪಟ್ ಅಂತ ಮುರೀತು. — ಎಂಟನೇ ತರಗತಿ ಹುಡುಗ, ಬನ್ನೂರು

ಉತ್ತರ: ಸೂಜಿ ಗಡುಸು ಉಕ್ಕು ಕಣಪ್ಪ, ತಣ್ಣಗಿದ್ದಾಗ ಬಗ್ಗಲ್ಲ. ಕೆಂಪಗೆ ಕಾಯಿಸಿ, ಬೂದಿಯಲ್ಲಿ ಹೂತಿಟ್ಟು ತಾನಾಗಿ ಆರಲು ಬಿಡಬೇಕು. ಆಗ ಮೆತ್ತಗಾಗುತ್ತದೆ, ಇಕ್ಕಳದಲ್ಲಿ ಬಗ್ಗಿಸಬಹುದು. ಬಗ್ಗಿಸಿದ ಮೇಲೆ ಮತ್ತೆ ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಗಡುಸು ವಾಪಸು ಬರುತ್ತದೆ. ಅಷ್ಟಕ್ಕೇ ಬಿಟ್ಟರೆ ಗಾಜಿನ ಥರ ಮುರಿಯುತ್ತದೆ. ಉಜ್ಜಿ ಬೆಳ್ಳಗೆ ಮಾಡಿ, ಸಣ್ಣ ಉರಿಯ ಮೇಲೆ ಹಿಡಿದು, ಹಳದಿ ಬಣ್ಣ ಹೋಗಿ ನೀಲಿ ಬರುವಾಗ ತೆಗೆಯಬೇಕು. ಬೆಂಕಿಯ ಕೆಲಸ ನೀನೊಬ್ಬನೇ ಮಾಡಬೇಡ, ಅಪ್ಪನೋ ಮಾವನೋ ಜೊತೆಗಿರಲಿ. ಕಣ್ಣಿಗೆ ಕನ್ನಡಕ ಇರಲಿ. ಇಂಥ ಗಾಳಕ್ಕೆ ಮೊನೆಯ ಹಿಂದೆ ಹಿಮ್ಮುಖವಾಗಿರುವ ಮುಳ್ಳು ಇರುವುದಿಲ್ಲ, ದಾರ ಸಡಿಲ ಬಿಟ್ಟರೆ ಮೀನು ಕಳಚಿಕೊಳ್ಳುತ್ತದೆ. ಅದರಿಂದ ಕೈ ಪಳಗುತ್ತದೆ, ಮೀನಿಗೂ ಗಾಯ ಕಡಿಮೆ.

ಪ್ರಶ್ನೆ: ಕಬಿನಿಯಲ್ಲಿ 120 ಪೌಂಡಿನ ಮೀನು ಹಿಡಿದಿದ್ದರು ಅನ್ನುವುದು ನಿಜವೇ? ಅಂಥ ಮೀನಿಗೆ ಯಾವ ಸಾಮಾನು ಬೇಕು? — ಓದುಗರು, ತಿ. ನರಸೀಪುರ

ಉತ್ತರ: ನಿಜ. 1946ರಲ್ಲಿ, ಮೈಸೂರಿನಲ್ಲಿ ಪ್ರಾಣಿಗಳ ಚರ್ಮ ಹದಮಾಡಿ ನಿಲ್ಲಿಸುತ್ತಿದ್ದ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ ಹಿಡಿದದ್ದು. ನಮ್ಮ ಲೆಕ್ಕದಲ್ಲಿ 54 ಕಿಲೋ. ಅದು ನಮ್ಮ ಬಿಳಿ ಮೀನು, ಬೆನ್ನು ಗೂನಾಗಿರುವ ಮಹಸೀರ್.

ಸಾಮಾನಿನ ವಿಷಯಕ್ಕೆ ಬಂದರೆ, ಆ ಮೀನಿಗೆ ಇವತ್ತು ಯಾವ ಸಾಮಾನೂ ಬೇಡ. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಮೀನು ಅದು. 2018ರಲ್ಲಿ ಐಯುಸಿಎನ್ ಅನ್ನುವ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆ ಅದನ್ನು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಅದರ ಮುಂದಿನ ಮೆಟ್ಟಿಲು ಹೊಳೆಯಿಂದಲೇ ನಾಶ. ಅಣೆಕಟ್ಟು, ಮರಳು ತೆಗೆಯುವುದು, ಸಿಡಿಮದ್ದು ಹಾಕಿ ಹಿಡಿಯುವುದು, ಹೊರಗಿನಿಂದ ತಂದು ಬಿಟ್ಟ ಬೇರೆ ಜಾತಿಯ ಮಹಸೀರ್, ಎಲ್ಲ ಸೇರಿ ಅದನ್ನು ಈ ಸ್ಥಿತಿಗೆ ತಂದಿವೆ. ಮುತ್ತತ್ತಿ, ಭೀಮೇಶ್ವರಿ ಕಡೆಯ ಹೊಳೆ 1987ರಿಂದ ಕಾವೇರಿ ವನ್ಯಧಾಮ. ರಂಗನತಿಟ್ಟು 1940ರಿಂದಲೇ ಪಕ್ಷಿಧಾಮ. ಅಲ್ಲೆಲ್ಲ ಗಾಳ ಹಾಕುವ ಹಾಗಿಲ್ಲ. ಉಳಿದ ಕಡೆ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ, ಪರವಾನಗಿ ಪಡೆದು ಹೋಗಿ. ಮುಂಗಾರಿನಲ್ಲಿ ಮೀನು ಮೊಟ್ಟೆಗೆ ಮೇಲೇರುವ ಕಾಲ, ಆಗ ಕೋಲು ಅಟ್ಟದಲ್ಲಿರಲಿ. ಬೇರೆ ಮೀನಿಗೆ ಹಾಕಿದ ಗಾಳಕ್ಕೆ ಬಿಳಿ ಮೀನು ಬಿದ್ದರೆ, ನೀರಿನಿಂದ ಎತ್ತದೆ ಅಲ್ಲೇ ಬಿಡಿಸಿ ಕಳಿಸಿ. ಅದಕ್ಕೇ ನಾನು ಎಲ್ಲ ಗಾಳಗಳ ಮುಳ್ಳನ್ನೂ ಇಕ್ಕಳದಲ್ಲಿ ಒತ್ತಿ ಮಟ್ಟ ಮಾಡಿಕೊಂಡಿದ್ದೇನೆ. ನೀವೂ ಹಾಗೇ ಮಾಡಿ ಅಂತ ಕೇಳಿಕೊಳ್ಳುತ್ತೇನೆ.

ಪ್ರಶ್ನೆ: ಗಾಳಕ್ಕೆ ರಾಗಿ ಹಿಟ್ಟು ಹಾಕಿದರೆ ನೀರಲ್ಲಿ ಕರಗಿ ಹೋಗುತ್ತದೆ. ನಿಲ್ಲುವ ಹಾಗೆ ಮಾಡುವುದು ಹೇಗೆ? — ಓದುಗರು, ಮದ್ದೂರು

ಉತ್ತರ: ಹಸಿ ಹಿಟ್ಟು ನಿಲ್ಲಲ್ಲ, ಬೇಯಿಸಬೇಕು. ಊಟದ ಮುದ್ದೆಯ ಹದವೂ ಮೆದುವಾಯಿತು. ರಾಗಿ ಹಿಟ್ಟಿಗೆ ಒಂದು ಹಿಡಿ ಕಡ್ಲೆಕಾಯಿ ಹಿಂಡಿ ಪುಡಿ ಸೇರಿಸಿ, ನೀರು ಕಡಿಮೆ ಹಾಕಿ ಗಟ್ಟಿಯಾಗಿ ಕಲಸಿ, ಉಂಡೆ ಕಟ್ಟಿ ಕುದಿಯುವ ನೀರಿಗೆ ಬಿಡಿ. ಚೆನ್ನಾಗಿ ಬೆಂದ ಮೇಲೆ ತೆಗೆದು, ಬಿಸಿ ಇರುವಾಗಲೇ ಕಲ್ಲಿನ ಮೇಲೆ ನಾದಿ. ರಬ್ಬರಿನ ಹಾಗೆ ಎಳೆಯುವವರೆಗೂ ನಾದಬೇಕು, ಕೈ ನೋಯುತ್ತದೆ. ಸೆಳವಿನ ಜಾಗಕ್ಕಾದರೆ ನಾದುವಾಗ ಸ್ವಲ್ಪ ಹತ್ತಿ ಬಿಡಿಸಿ ಸೇರಿಸುತ್ತಿದ್ದರು. ಈಗ ನಾನು ಹತ್ತಿ ಹಾಕುವುದಿಲ್ಲ. ಮೀನು ನುಂಗುವ ವಸ್ತು ಅದು, ಹತ್ತಿ ಯಾಕೆ ತಿನ್ನಿಸಬೇಕು? ಬದಲಿಗೆ ಎರಡು ಚಮಚ ಮೈದಾ ಸಾಕು. ಗಾಳದ ಸುತ್ತ ಒತ್ತಿ, ಮೊನೆ ಮಾತ್ರ ಕಾಣುವ ಹಾಗೆ ಬಿಡಿ. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟುಕೊಂಡರೆ ಸಂಜೆವರೆಗೂ ಒಣಗುವುದಿಲ್ಲ.

ಬೀಸುಬಲೆ ಮತ್ತು ಕೂಳಿ (ಮೀನು ಹಿಡಿಯುವ ಬುಟ್ಟಿ) ಬಗ್ಗೆ ಕೇಳಿದವರಿಗೆ ಮುಂದಿನ ಸಂಚಿಕೆಯಲ್ಲಿ ಉತ್ತರ ಬರೆಯುತ್ತೇನೆ. ಹಿತ್ತಾಳೆ ಚಮಚದಿಂದ ಸ್ಪೂನ್, ಅಂದರೆ ಮೀನನ್ನು ಸೆಳೆಯುವ ಹೊಳೆಯುವ ಲೋಹದ ಎರೆ, ಮಾಡುವ ಬಗೆ ಕೇಳಿದ ಪಾಲಹಳ್ಳಿಯವರು, ಚಮಚದ ದಪ್ಪ ಎಷ್ಟು, ಹಿಡಿ ಎಲ್ಲಿಗೆ ಕತ್ತರಿಸಿದ್ದೀರಿ ಅನ್ನುವುದನ್ನು ಬರೆದು ಕಳಿಸಿ. ಅದು ಗೊತ್ತಾಗದೆ ತೂತು ಎಲ್ಲಿ ಕೊರೆಯಬೇಕು ಅಂತ ಹೇಳಲಾಗುವುದಿಲ್ಲ.